ಕೆಂಪು ಏಪ್ರನ್ನಿನ ಗಂಟು

ಬೆಳಗಿನ ಹೊತ್ತು ಆ ಮನೆಯಲ್ಲಿ ಕೇಳುವವರು ಮೂರು ಜನ, ಕೊಡುವವಳು ಒಬ್ಬಳು. ಗಂಡನಿಗೆ ಸ್ಕೂಟರಿನ ಕೀಲಿ ಬೇಕು. ಮಗಳಿಗೆ ಜೊತೆಯ ಇನ್ನೊಂದು ಕಾಲುಚೀಲ ಬೇಕು. ಅಜ್ಜಿಗೆ ಏನೂ ಬೇಡ, ರಾತ್ರಿ ಕಂಡ ಕನಸನ್ನು ಪೂರ್ತಿ ಕೇಳಿಸಿಕೊಳ್ಳುವವರು ಯಾರಾದರೂ ಇದ್ದರೆ ಸಾಕು. ಒಲೆಯ ಮುಂದೆ ನಿಂತವಳಿಗೆ ಎಂಟು ಗಂಟೆಗೆ ಡ್ಯೂಟಿ.

ಅವಳು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್. ಮನೆಯಲ್ಲೂ ಹೆಡ್ ಸಿಸ್ಟರೇ ಎಂದು ಗಂಡ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನ ಎತ್ತರದ ಕಟ್ಟಡಗಳಲ್ಲಿ ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದರಲ್ಲಿ ಎತ್ತಿದ ಕೈ, ಮನೆಯಲ್ಲಿ ತನ್ನ ಅಂಗಿ ಎಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರಿಗೆ ದೊಡ್ಡ ಹೆಸರಿತ್ತು. ಅವಳ ವಾರ್ಡಿನಲ್ಲಿ ಔಷಧಿ ಹೊತ್ತು ಮೀರುವುದಿಲ್ಲ, ಪಾಳಿ ಮುಗಿದರೂ ಮನೆಗೆ ಹೋಗಲಾಗದೆ ಯಾರೂ ಅಳುವುದಿಲ್ಲ. ಅದಕ್ಕೆಲ್ಲ ಕಾರಣ ಕೆಂಪು ಏಪ್ರನ್. ಹಿಂದೆ ಔಷಧಿಯ ತಳ್ಳುಗಾಡಿ ಹಿಡಿದು ಹೊರಟ ನರ್ಸನ್ನು ಹೆಜ್ಜೆಹೆಜ್ಜೆಗೂ ಯಾರೋ ತಡೆಯುತ್ತಿದ್ದರು. ಒಬ್ಬರಿಗೆ ಬಿಲ್ಲು ಯಾವಾಗ ಅಂತ ತಿಳಿಯಬೇಕು, ಇನ್ನೊಬ್ಬರಿಗೆ ಫ್ಯಾನು ಜೋರು ಮಾಡಬೇಕು, ಅಷ್ಟರಲ್ಲಿ ಫೋನು. ಹೀಗೇ ಒಂದು ದಿನ ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಯವರೆಗೂ ಹೋಗಿತ್ತು. ಆಮೇಲೆ ಅವಳು ಕೆಂಪು ಏಪ್ರನ್ನುಗಳನ್ನು ತರಿಸಿದಳು. ಅದನ್ನು ತೊಟ್ಟವರನ್ನು ಔಷಧಿ ಸುತ್ತು ಮುಗಿಯುವ ತನಕ ಯಾರೂ ಮಾತಾಡಿಸಕೂಡದು. ಯಾರಾದರೂ ಬಂದರೆ ಏಪ್ರನ್ ತೊಟ್ಟವಳು ಬಾಯಿ ತೆರೆಯಬೇಕಿಲ್ಲ, ಅಂಗೈ ಎತ್ತಿ ತೋರಿಸಿದರೆ ಸಾಕು. ತಪ್ಪುಗಳು ನಿಂತವು. ಬೇರೆ ವಾರ್ಡಿನವರು ಬಂದು ನೋಡಿಕೊಂಡು ಹೋದರು, ತುರ್ತು ವಿಭಾಗದವರು ತಮಗೂ ತರಿಸಿಕೊಂಡರು.

ಮಾತಿಗೆ ಬಿಡುವೇ ಕೊಡದ ಒಬ್ಬ ಹೊಸ ನರ್ಸು ಇದ್ದಳು, ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ನಿಯಮ ಹೇಳಿದ ಮೊದಲ ದಿನ ಅವಳು ಮಾತ್ರ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದಳು.

"ಸಿಸ್ಟರ್, ನಾನು ಏಪ್ರನ್ ಹಾಕ್ಕೊಂಡಾಗ ಪೇಷೆಂಟು ಕರೆದ್ರೆ ಯಾರು ಹೋಗ್ಬೇಕು?"

"ಕಾಯ್ತಾರೆ. ಯಾವಾಗ ನೋಡಿದ್ರೂ ಕೊಕ್ಕೆ ಹಾಕ್ಬೇಡ, ಕೂತ್ಕೋ."

ಗುಬ್ಬಿ ಕುಳಿತಳು. ಎಲ್ಲರೂ ನಕ್ಕರು.

ಮನೆಗೆ ಏಪ್ರನ್ ಬಂದದ್ದು ಗಂಡನ ಕೀಲಿಯ ದೆಸೆಯಿಂದ. ಒಂದು ಬೆಳಿಗ್ಗೆ ಮೂರು ಕಡೆಯಿಂದ ಮೂರು ಮಾತು ಕಿವಿಗೆ ಬೀಳುತ್ತಿದ್ದಾಗ ಹೆಡ್ ಸಿಸ್ಟರ್ ಸ್ಕೂಟರಿನ ಕೀಲಿಯನ್ನು ಮಗಳ ಊಟದ ಡಬ್ಬಿಗೆ ಹಾಕಿ, ಮೇಲೆ ಅನ್ನ ಬಡಿಸಿ, ಮುಚ್ಚಳ ಬಿಗಿದು ಕಳಿಸಿದ್ದಳು. ಗಂಡ ಅರ್ಧ ದಿನ ಮನೆ ತಲೆಕೆಳಗು ಮಾಡಿದ. ಮಗಳು ಕಾಲೇಜಿನಲ್ಲಿ ಗೆಳತಿಯರ ಮುಂದೆ ಅನ್ನದೊಳಗಿಂದ ಕೀಲಿ ಎತ್ತಿದಳು. ಸಂಜೆ ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು, ಹೆಡ್ ಸಿಸ್ಟರಿಗೆ ಮಾತ್ರ ನಗು ಬರಲಿಲ್ಲ. ಮರುದಿನ ಕೆಂಪು ಬಟ್ಟೆ ತಂದು ಅತ್ತೆಯ ಮುಂದೆ ಇಟ್ಟಳು.

"ಅತ್ತೆ, ಇದರಲ್ಲೊಂದು ಏಪ್ರನ್ ಹೊಲ್ಕೊಡಿ."

ಅಜ್ಜಿ ಬದುಕಿನುದ್ದಕ್ಕೂ ಹೊಲಿಗೆ ಅಂಗಡಿಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿದವರು. ಕಣ್ಣು ಮಂಜಾಗಿದ್ದರೂ ಬೆರಳು ಚುರುಕಾಗಿದ್ದವು. ಬಟ್ಟೆಯನ್ನು ಬೆಳಕಿಗೆ ಹಿಡಿದು, "ಅಡುಗೆಮನೆಗೂ ಕೆಂಪು ದೀಪ ಬಂತು ಅನ್ನು. ಹಸಿರು ಯಾವಾಗ ಬರುತ್ತಮ್ಮಾ?" ಎಂದರು.

"ನಾನು ಬಿಚ್ಚಿದಾಗ," ಎಂದಳು ಸೊಸೆ.

ಅಂದಿನಿಂದ ನಿಯಮ ಶುರುವಾಯಿತು. ಹೆಡ್ ಸಿಸ್ಟರ್ ಎದ್ದು ಮುಖ ತೊಳೆದು ಅಡುಗೆಮನೆಗೆ ಬರುತ್ತಾಳೆ. ಅಜ್ಜಿ ಹಿಂದೆ ನಿಂತು ಏಪ್ರನ್ನಿನ ದಾರವನ್ನು ಗಂಟು ಹಾಕುತ್ತಾರೆ. ಹೊಲಿದವಳು ನಾನು, ಗಂಟೂ ನನ್ನದೇ ಇರಲಿ ಎಂದು ಆ ಕೆಲಸವನ್ನು ಅವರೇ ಕೇಳಿ ಪಡೆದಿದ್ದರು. ಗಂಟು ಬಿದ್ದಮೇಲೆ ಬಾಯಿಗೆ ಬೀಗ. ಯಾರಾದರೂ ಬಾಗಿಲಲ್ಲಿ ನಿಂತರೆ ಅವಳು ತಿರುಗದೆಯೇ ಅಂಗೈ ಎತ್ತುತ್ತಾಳೆ, ಬಂದವರು ಹಿಂದೆ ಸರಿಯುತ್ತಾರೆ.

ಸುಳ್ಳು ಹೇಳಬಾರದು, ಮನೆ ಸುಧಾರಿಸಿತು. ಬ್ರೆಡ್ಡು ಕರಕಲಾಗುವುದು ನಿಂತಿತು. ಡಬ್ಬಿಗಳು ಅವರವರ ಚೀಲ ಸೇರಿದವು. ಹೆಡ್ ಸಿಸ್ಟರ್ ಬಸ್ಸಿನ ಹಿಂದೆ ಓಡುವುದನ್ನು ಬಿಟ್ಟಳು. ಅದನ್ನು ನೋಡಿ ಹಿಗ್ಗಿದ ಅವಳು ವಾರ್ಡಿನಲ್ಲಿ, "ಮನೇಲೂ ಇದನ್ನೇ ಮಾಡಿ, ನೋಡಿ ಹೇಗಿರುತ್ತೆ," ಎಂದು ನರ್ಸುಗಳಿಗೆ ಹೇಳತೊಡಗಿದಳು.

ಅಜ್ಜಿಯ ಕನಸುಗಳು ಸಂಜೆಗೆ ಹೋದವು. ಸಂಜೆ ಸೊಸೆ ಕಾಲು ಬಾತು ಬಂದವಳು ಮಂಚದ ಮೇಲೆ ದಿಂಬಿಗೆ ಕಾಲೆತ್ತಿ ಹಾಕಿ, "ಅತ್ತೆ, ನಾಳೆ ಕೇಳ್ತೀನಿ," ಎನ್ನುತ್ತಿದ್ದಳು. ಮಗನಿಗೆ ಟೀವಿ ಇತ್ತು. ಮೊಮ್ಮಗಳ ಕಿವಿಯಲ್ಲಿ ಹಾಡು ಇರುತ್ತಿತ್ತು. ಸ್ವಲ್ಪ ದಿನಕ್ಕೆ ಅಜ್ಜಿ ಕನಸು ಕಂಡದ್ದನ್ನು ಹೇಳುವುದನ್ನೇ ಬಿಟ್ಟರು. ಮನೆ ಈಗ ಎಷ್ಟು ಶಾಂತವಾಗಿದೆ ಎಂದು ಗಂಡನೇ ಒಂದು ಸಲ ಮೆಚ್ಚಿ ನುಡಿದ.

ಆ ದಿನವೂ ಅಜ್ಜಿ ಎಂದಿನಂತೆ ಬಂದು ಸೊಸೆಯ ಬೆನ್ನ ಹಿಂದೆ ನಿಂತರು. ಕಿಟಕಿಯಲ್ಲಿ ಆಗಷ್ಟೇ ಬೆಳಕು ಮೂಡುತ್ತಿತ್ತು. ಹೆಡ್ ಸಿಸ್ಟರ್ ಈರುಳ್ಳಿ ಹೆಚ್ಚುತ್ತ ನಿಂತಿದ್ದಳು. ಬೆನ್ನಿನ ಮೇಲೆ ದಾರ ಒಮ್ಮೆ ಬಿಗಿಯಿತು, ಸಡಿಲವಾಯಿತು. ಮತ್ತೆ ಬಿಗಿಯಿತು, ಜಾರಿತು. ಅತ್ತೆಯ ಬೆರಳುಗಳು ಸೊಂಟದ ಹತ್ತಿರ ಏನನ್ನೋ ಹುಡುಕುವಂತೆ ತಡಕಾಡಿದವು.

"ಏನತ್ತೆ ಇವತ್ತು? ಬಿಡಿ, ನಾನೇ ಕಟ್ಕೊಳ್ತೀನಿ."

ಅವಳು ಕೈ ಹಿಂದೆ ಹಾಕಿ ದಾರ ಕಿತ್ತುಕೊಂಡು, ಒಂದೇ ಏಟಿಗೆ ಗಂಟು ಹಾಕಿ, ಮತ್ತೆ ಈರುಳ್ಳಿಗೆ ಕೈಯಿಟ್ಟಳು. ತಿರುಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಒಂದು ಗುರುಗುಟ್ಟಿದಂಥ ದನಿ ಬಂತು. ಹೆಡ್ ಸಿಸ್ಟರ್ ಅಂಗೈ ಎತ್ತಿದಳು. ಹಲ್ಲುಜ್ಜುತ್ತಿದ್ದ ಮಗಳು ಬಂದು ತುಟಿಯ ಮೇಲೆ ಬೆರಳಿಟ್ಟು, "ಶ್! ಅಜ್ಜೀ, ಏಪ್ರನ್!" ಎಂದು ಅಜ್ಜಿಯ ತೋಳು ಹಿಡಿದು ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ಚಹಾ ತಂದು ಪಕ್ಕದಲ್ಲಿಟ್ಟು ಕಾಲೇಜಿಗೆ ಹೊರಟಳು. ಗಂಡ ಹೊರಡುವಾಗ ಕೋಣೆಗೆ ಇಣುಕಿದ, ತಾಯಿ ಗೋಡೆಯ ಕಡೆ ಮುಖ ಮಾಡಿ ಒರಗಿದ್ದರು, ನಿದ್ದೆ ಬಂದಿರಬೇಕು ಅಂದುಕೊಂಡ. ಹೆಡ್ ಸಿಸ್ಟರ್ ಕೊನೆಯಲ್ಲಿ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟುತ್ತ ಬಾಗಿಲಿಂದಲೇ ಕೂಗಿದಳು.

"ಅತ್ತೇ, ಹೋಗ್ಬರ್ತೀನಿ!"

"ಹೂಂ," ಎಂದಿತು ಕೋಣೆ.

ಹನ್ನೊಂದರ ಸುಮಾರಿಗೆ ಅವಳನ್ನು ಕೆಳಗಿನ ತುರ್ತು ವಿಭಾಗಕ್ಕೆ ಕರೆದರು. ಎಲ್ಲಿಂದಲೋ ಹೊಸ ಪೇಷೆಂಟು ಬಂದಿರಬೇಕು ಎಂದುಕೊಂಡು ಹೋದವಳಿಗೆ ಮೊದಲು ಕಂಡದ್ದು ಗಂಡ. ಕೈಯೆಲ್ಲ ಗ್ರೀಸು. ಮರೆತ ಸ್ಪ್ಯಾನರಿಗೆಂದು ಮನೆಗೆ ಬಂದವನು ತಾಯಿಯನ್ನು ನೋಡಿದ್ದ. ಸ್ವೆಟರಿನ ಒಂದು ತೋಳು ಮಾತ್ರ ಹಾಕಿಕೊಂಡು, ಬಾಯಿ ಒಂದು ಕಡೆ ಎಳೆದುಕೊಂಡು, ಮಂಚದ ಅಂಚಿನಲ್ಲಿ ಕೂತಿದ್ದರಂತೆ. ಚಹಾ ಕೆನೆಗಟ್ಟಿ ಹಾಗೇ ಇತ್ತಂತೆ.

ಸ್ಕ್ಯಾನು ಮುಗಿದಿತ್ತು. ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಡಾಕ್ಟರು ಹೆಡ್ ಸಿಸ್ಟರನ್ನು ನೋಡಿದ್ದೇ, "ಸದ್ಯ, ನೀವು ಬಂದ್ರಲ್ಲ," ಎಂದು ನಿಟ್ಟುಸಿರು ಬಿಟ್ಟರು. "ಇವರು ಚೆನ್ನಾಗಿದ್ದದ್ದನ್ನ ಕೊನೇ ಸಲ ಯಾರು ನೋಡಿದ್ದು? ಎಷ್ಟೊತ್ತಿಗೆ?"

ಈ ಪ್ರಶ್ನೆ ಅವಳಿಗೆ ಬಾಯಿಪಾಠ. ಹೆಪ್ಪು ಕರಗಿಸುವ ಇಂಜೆಕ್ಷನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಕೈಕಾಲು ಉಳಿಯಬಹುದು. ಹೊತ್ತು ಮೀರಿದ ಮೇಲೆ ಕೊಟ್ಟರೆ ತಲೆಯೊಳಗೆ ರಕ್ತ ಸೋರಿ ಜೀವವೇ ಹೋಗಬಹುದು. ಪೇಷೆಂಟಿನ ಮನೆಯವರು ತಬ್ಬಿಬ್ಬಾಗಿ, ಗೊತ್ತಿಲ್ಲ, ನೋಡಲಿಲ್ಲ ಎಂದಾಗ ಅವಳು ಎಷ್ಟು ಸಲ ಒಳಗೊಳಗೇ ಹಲ್ಲು ಕಡಿದಿದ್ದಳೋ. ಒಂದೇ ಮನೆಯಲ್ಲಿದ್ದುಕೊಂಡು ಇಷ್ಟೂ ಗೊತ್ತಾಗೋದಿಲ್ವಾ ಇವರಿಗೆ, ಎಂದು ಗುಬ್ಬಿಯ ಹತ್ತಿರ ಅಂದದ್ದೂ ಉಂಟು. ಆ ವಾರ ಗುಬ್ಬಿಗೆ ತುರ್ತು ವಿಭಾಗದ ಪಾಳಿ. ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿದ್ದಳು.

"ನಾನೇ ನೋಡಿದೀನಿ ಡಾಕ್ಟ್ರೇ," ಎಂದಳು ಹೆಡ್ ಸಿಸ್ಟರ್. "ಏಳು ಗಂಟೆಗೆ ಮನೆ ಬಿಟ್ಟೆ. ಚೆನ್ನಾಗಿದ್ರು. ಹೋಗ್ಬರ್ತೀನಿ ಅಂದೆ, ಹೂಂ ಅಂದ್ರು."

"ಗ್ಯಾರಂಟಿನಾ?"

"ಗ್ಯಾರಂಟಿ."

"ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತಿದೆ. ಇಂಜೆಕ್ಷನ್ ರೆಡಿ ಮಾಡಿ, ಬೇಗ."

ಗುಬ್ಬಿ ಗೋಡೆಯ ಕೊಕ್ಕೆಯಿಂದ ಕೆಂಪು ಏಪ್ರನ್ ಎಳೆದು ಕೊರಳಿಗೆ ಹಾಕಿಕೊಂಡಳು. ಕೈ ಹಿಂದೆ ಮಾಡಿ ದಾರ ಕಟ್ಟಿಕೊಳ್ಳುತ್ತ ಔಷಧಿಯ ಕಪಾಟಿನ ಕಡೆ ತಿರುಗಿದಳು.

ಮಂಚದ ಮೇಲಿದ್ದ ಅಜ್ಜಿಯ ಕಣ್ಣು ಆ ಕೆಂಪು ಬಟ್ಟೆಯ ಮೇಲೆ ನಿಂತಿತು. ಆಮೇಲೆ ಸೊಸೆಯ ಮೇಲೆ. ಬಲಗೈ ಹಾಸಿಗೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಅವರು ಎಡಗೈಯನ್ನು ಮೆಲ್ಲನೆ ಎತ್ತಿ, ಅಂಗೈ ಬಿಡಿಸಿ, ಎಲ್ಲರಿಗೂ ಕಾಣುವಂತೆ ಹಿಡಿದರು.

"ಅಯ್ಯೋ, ಅಜ್ಜಿಗೂ ನಮ್ಮ ವಾರ್ಡಿನ ಸನ್ನೆ ಗೊತ್ತು!" ಎಂದಳು ಗುಬ್ಬಿ. ಆಯಾ ಕೂಡ ಮುಗುಳ್ನಕ್ಕಳು.

ಅಜ್ಜಿ ಕೈ ಇಳಿಸಲಿಲ್ಲ. ಆ ಕೈಯ ಬೆರಳುಗಳನ್ನು ಗಾಳಿಯಲ್ಲಿ ಸುತ್ತಿದರು, ಏನನ್ನೋ ಹಿಡಿದಂತೆ, ಅದು ಜಾರಿಹೋದಂತೆ. ಮತ್ತೆ ಸುತ್ತಿದರು. ಅದು ಅಲ್ಲಿದ್ದವರಲ್ಲಿ ಒಬ್ಬಳಿಗೆ ಮಾತ್ರ ಅರ್ಥವಾಯಿತು. ಬೆಳಗ್ಗೆ ತಡಕಾಡಿದ ಬೆರಳುಗಳನ್ನು ಹೆಡ್ ಸಿಸ್ಟರಿನ ಬೆನ್ನು ಆ ಕ್ಷಣದಲ್ಲಿ ಮತ್ತೆ ಗುರುತು ಹಿಡಿಯಿತು. ಪೇಷೆಂಟಿನ ಹಿಡಿತ ಹೇಗಿದೆ ನೋಡಿ, ನಿಮ್ಮ ಎರಡು ಬೆರಳು ಕೊಟ್ಟು ಅಮುಕಲು ಹೇಳಿ ಎಂದು ಹೊಸ ನರ್ಸುಗಳಿಗೆ ಕಲಿಸುತ್ತಿದ್ದವಳು ಅವಳು. ಕೈ ಸೋತದ್ದು ಅವಳ ಬೆನ್ನ ಮೇಲೆಯೇ.

ಏಳು ಗಂಟೆ ಎಂಬುದು ಹಾಗೇ ಇದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವಳ ಮಾನ ಅವಳ ಹತ್ತಿರವೇ ಇರುತ್ತಿತ್ತು. ಅಷ್ಟು ಹೊತ್ತು, ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು, ಅವಳು ಸುಮ್ಮನೆ ನಿಂತದ್ದು ನಿಜ.

"ನಿಲ್ಸು," ಎಂದಳು ಆಮೇಲೆ. "ಡಾಕ್ಟ್ರೇ, ಏಳು ಗಂಟೆ ಅಂದದ್ದನ್ನ ಹೊಡೆದುಹಾಕಿ. ನಾನು ನೋಡ್ಲಿಲ್ಲ. ಹೊರಗಿಂದ ಕೂಗಿದೆ, ದನಿ ಕೇಳಿಸ್ತು, ಅಷ್ಟೇ."

"ಹಾಗಾದ್ರೆ?"

"ಅದಕ್ಕಿಂತ ತುಂಬಾ ಮುಂಚೆ, ಬೆಳಕು ಹರಿಯೋ ಹೊತ್ತಿಗೆ, ನನ್ನ ಏಪ್ರನ್ನಿಗೆ ಗಂಟು ಹಾಕೋಕೆ ಬಂದ್ರು. ಕೈಲಾಗ್ಲಿಲ್ಲ ಅವರಿಗೆ. ನನಗೆ ಗೊತ್ತಾಯ್ತು, ಬೆನ್ನಿಗೆ ಗೊತ್ತಾಯ್ತು. ನಾನು ತಿರುಗಿ ನೋಡ್ಲಿಲ್ಲ. ಆಮೇಲೆ ಬಾಗಿಲಿಗೂ ಬಂದ್ರು. ಕೈ ತೋರಿಸಿ ಕಳಿಸ್ದೆ."

ಗುಬ್ಬಿಯ ಕೈ ಔಷಧಿಯ ಕಪಾಟಿನ ಮೇಲೆಯೇ ನಿಂತಿತು. ಡಾಕ್ಟರು ಗೋಡೆಯ ಗಡಿಯಾರ ನೋಡಿ ದನಿ ತಗ್ಗಿಸಿದರು. "ಹಾಗಾದ್ರೆ ಇಂಜೆಕ್ಷನ್ ಕೊಡೋ ಹಾಗಿಲ್ಲ ಸಿಸ್ಟರ್."

"ಗೊತ್ತು."

"ಕೊಡೋ ಹಾಗಿಲ್ಲ ಅಂದ್ರೆ ಏನ್ರೀ?" ಎಂದು ಗಂಡ ಮುಂದೆ ಬಂದ. "ಈಗ ತಾನೇ ರೆಡಿ ಮಾಡಿ ಅಂದ್ರಲ್ಲ! ಏನಾಯ್ತು ಈಗ?"

ಗುಬ್ಬಿ ಕೊರಳಿಂದ ಏಪ್ರನ್ ತೆಗೆದು, ಎಲ್ಲಿಡುವುದೆಂದು ತಿಳಿಯದೆ, ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತಳು.

ಅಜ್ಜಿ ಬದುಕಿದರು. ಬಲಗೈಯಲ್ಲಿ ಬಲವಿಲ್ಲ, ಕಾಲು ಎಳೆದುಕೊಂಡು ನಡೆಯಬೇಕು, ಮಾತು ಒಂದೊಂದೇ ಅಕ್ಷರವಾಗಿ ಬರಬೇಕು. ಅವರನ್ನು ಮನೆಗೆ ಕರೆತಂದ ಸಂಜೆ ಗಂಡಹೆಂಡಿರು ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಜಗಳವಾಡಿದರು.

"ನಿಮ್ಮ ಆಸ್ಪತ್ರೆ ಕಾನೂನು ನಮ್ಮ ಅಡುಗೆಮನೆಗೆ ಯಾಕೆ ಬೇಕಿತ್ತು?"

"ಕೀಲಿ ಎಲ್ಲಿ, ಕಾಲುಚೀಲ ಎಲ್ಲಿ ಅಂತ ದಿನಾ ನನ್ನ ತಲೆ ತಿಂದವರು ಯಾರು? ಒಬ್ಬರಾದ್ರೂ ಒಂದು ಕಪ್ಪು ತೊಳ್ದಿದ್ರಾ?"

"ಕೇಳಿದ್ರೆ ತೊಳೀತಿದ್ವಿ."

"ಕೇಳೋದೂ ನನ್ನ ಕೆಲಸಾನಾ ರೀ?"

ಗಂಡ ಎಂಜಲು ಕಪ್ಪೊಂದನ್ನು ಕೈಗೆತ್ತಿಕೊಂಡ. ಆಮೇಲೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. "ಏಳು ಗಂಟೆ ಅಂತಾನೇ ಬಿಟ್ಟಿದ್ರೆ ಇಂಜೆಕ್ಷನ್ ಕೊಡ್ತಿದ್ರು. ಅಮ್ಮನ ಕೈ ಸರಿಹೋಗ್ತಿತ್ತೇನೋ."

"ಜೀವ ಹೋಗ್ತಿತ್ತೇನೋ."

"ಏನೋ ಒಂದು ಗೊತ್ತಾಗ್ತಿತ್ತು." ಅವನು ಕಪ್ಪುಗಳನ್ನೆಲ್ಲ ಒಟ್ಟು ಮಾಡಿ ತೊಳೆಯತೊಡಗಿದ. ನೀರು ಸದ್ದು ಮಾಡಿ ಬೀಳುತ್ತಿತ್ತು. "ನಾನೂ ಇಣುಕಿ ನೋಡ್ದೆ ಕಣೇ. ನಿದ್ದೆ ಅಂದ್ಕೊಂಡೆ. ಒಳಗೆ ಹೋಗಿ ಒಂದ್ಸಲ ಅಮ್ಮಾ ಅನ್ಬೋದಿತ್ತು. ಮಾತು ಶುರು ಮಾಡಿದ್ರೆ ತಡ ಆಗುತ್ತೆ ಅಂತ ಅನ್ಲಿಲ್ಲ."

ಅವನ ಬೆನ್ನು ಅಲುಗುತ್ತಿತ್ತು. ಹೆಡ್ ಸಿಸ್ಟರಿಗೆ ಅವನನ್ನು ಸಮಾಧಾನ ಮಾಡುವ ಮುಖವಿರಲಿಲ್ಲ. ಒರೆಸುವ ಬಟ್ಟೆ ತೆಗೆದುಕೊಂಡು, ಅವನು ತೊಳೆದ ಕಪ್ಪುಗಳನ್ನು ಒರೆಸಿದಳು.

ಅವಳು ರಜೆ ಹಾಕಿ ಮನೆಯಲ್ಲೇ ಉಳಿದಳು. ಬೆಳಗಿನ ಅಡುಗೆಮನೆ ಮತ್ತೆ ಗದ್ದಲದ ಗೂಡಾಯಿತು, ಆದರೆ ಗದ್ದಲ ಬೇರೆ ಬಗೆಯದು. ಗಂಡ ಬಾಗಿಲ ಹತ್ತಿರ ಮೊಳೆ ಹೊಡೆದು ಕೀಲಿಗೆ ಜಾಗ ಮಾಡಿದ. ಮೊದಲ ದಿನವೇ ಅಲ್ಲಿ ಕೀಲಿ ಸಿಗದೆ, ಕೊನೆಗೆ ಅದು ಅವನ ಜೇಬಿನಲ್ಲೇ ಸಿಕ್ಕಿತು. ಮಗಳು ಮೊಟ್ಟೆ ಬೇಯಿಸಲು ಹೋಗಿ ಪಾತ್ರೆಯ ನೀರೆಲ್ಲ ಇಂಗಿಸಿದಳು. ಅಜ್ಜಿಗೆ ಗಂಜಿ ಕುಡಿಸುವ ಕೆಲಸ ಮಗಳದು. ಒಂದು ದಿನ ಅರ್ಧ ಬಟ್ಟಲು ಕುಡಿಸಿದವಳು ಚಮಚ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತಳು. ತಾಯಿ ಹಿಂದೆಯೇ ಬಂದಳು.

"ಏನಾಯ್ತೇ?"

"ನಾನೇ ಅಮ್ಮ ಅಜ್ಜೀನ ಎಳ್ಕೊಂಡು ಹೋಗಿದ್ದು. ಅವಳ ಬಾಯಿ ಸೊಟ್ಟಗಿತ್ತು. ನೋಡ್ದೆ ನಾನು. ತಮಾಷೆಗೆ ಮುಖ ಮಾಡ್ತಿದಾಳೆ ಅಂದ್ಕೊಂಡು ನಕ್ಕೆ." ಅವಳು ಬಿಕ್ಕಿದಳು. "ನಕ್ಬಿಟ್ಟೆ ಅಮ್ಮ ನಾನು."

"ನೀನು ಚಿಕ್ಕವಳು. ನಿಂಗೇನು ಗೊತ್ತು."

"ನಿಂಗೆ ಗೊತ್ತಿತ್ತಲ್ಲ?"

ಮಗಳು ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೂ ಹೆಡ್ ಸಿಸ್ಟರಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಣಗದ ಬಟ್ಟೆಗಳನ್ನೇ ತಂತಿಯಿಂದ ತೆಗೆಯತೊಡಗಿದಳು. ಗಂಡನ ಮುಂದೆ, ಡಾಕ್ಟರ ಮುಂದೆ ತಲೆ ತಗ್ಗಿಸಿದ್ದು ಒಂದು ತೂಕವಾದರೆ, ಇದು ಇನ್ನೊಂದು ತೂಕ.

ಅತ್ತೆಯ ಮುಂದೆ ಕೂತಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಅವಳ ಬಾಯಿಗೆ ಬರುತ್ತಿತ್ತು. ತಲೆ ಬಾಚುವಾಗ ಒಂದು ಸಲ, ಕೈಗೆ ಎಣ್ಣೆ ತಿಕ್ಕುವಾಗ ಒಂದು ಸಲ ಕೇಳಿಯೂ ಕೇಳಿದಳು.

"ಅತ್ತೆ, ಅವತ್ತು ಬಾಗಿಲಿಗೆ ಬಂದಿದ್ರಲ್ಲ. ಏನು ಹೇಳೋಕೆ ಬಂದಿದ್ರಿ?"

ಅಜ್ಜಿ ಅವಳನ್ನು ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು. ಆಮೇಲೆ, "ಬಿ... ಡು," ಎಂದು ಮುಖ ತಿರುಗಿಸುತ್ತಿದ್ದರು. ಅವರು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ರಜೆ ಮುಗಿದು ಕೆಲಸಕ್ಕೆ ಹೋದ ವಾರವೇ ಆಸ್ಪತ್ರೆಯ ಮೇಟ್ರನ್ ಅವಳನ್ನು ಕರೆಸಿದರು. ಎಲ್ಲ ವಾರ್ಡುಗಳ ನರ್ಸುಗಳಿಗೂ ಮೇಲ್ವಿಚಾರಕರಿಗೂ ಸಮಯ ನಿರ್ವಹಣೆಯ ತರಬೇತಿ ಎಂದೋ ನಿಗದಿಯಾಗಿತ್ತು. ಮಾತಾಡಬೇಕಾದವಳು ಇವಳೇ.

"ಬೇರೆಯವರಿಗೆ ಹೇಳಿ ಮೇಡಂ, ನನ್ನ ಕೈಲಾಗೋದಿಲ್ಲ."

"ಏಪ್ರನ್ ನಿಮ್ಮದು. ಬೇರೆಯವರು ಏನು ಹೇಳ್ತಾರೆ?"

ಸಭಾಂಗಣ ತುಂಬಿತ್ತು. ಅವಳು ಎಂದಿನಂತೆ ಶುರುಮಾಡಿದಳು. ಪಾಳಿ ಶುರುವಾದಾಗ ಮೊದಲು ಯಾವ ಹಾಸಿಗೆಗೆ ಹೋಗಬೇಕು, ಯಾವ ಕೆಲಸ ಆಯಾಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು, ಹತ್ತು ಸಲ ಓಡುವ ಬದಲು ಒಂದೇ ಸಲಕ್ಕೆ ಸಾಮಾನು ಹೇಗೆ ಜೋಡಿಸಿಕೊಳ್ಳಬೇಕು. ಎಲ್ಲವೂ ಸರಿಯಾದ ಮಾತೇ. ಏಪ್ರನ್ನಿನ ಸುದ್ದಿ ಬಂತು. ಅಂಗೈ ಎತ್ತುವ ಸನ್ನೆ ತೋರಿಸಬೇಕಾದ ಜಾಗ ಬಂತು. ಕೈ ಎತ್ತಲು ಹೋದಳು, ಮೇಜಿನ ಮೇಲಿಂದ ಕೈ ಏಳಲಿಲ್ಲ.

"ಒಬ್ಬರು ಏಪ್ರನ್ ಹಾಕ್ಕೊಂಡಾಗ," ಎಂದಳು, "ಇನ್ನೊಬ್ಬರು ಕಿವಿ ಕೊಟ್ಟುಕೊಂಡು ಇರಬೇಕು. ಯಾರು ಅಂತ ಮೊದಲೇ ಹೇಳಿರಬೇಕು. ಕರೆದವರ ಹತ್ತಿರ ಅವರು ಹೋಗಬೇಕು, ಮುಖ ನೋಡಬೇಕು. ಹಾಗೆ ಯಾರೂ ಇಲ್ಲದಿದ್ರೆ ಏಪ್ರನ್ ಹಾಕ್ಕೋಬಾರದು. ಇದನ್ನ ನನಗೆ ಒಬ್ಬಳು ಮೊದಲ ದಿನವೇ ಕೇಳಿದ್ಲು. ನಾನು ಕೂತ್ಕೋ ಅಂದೆ."

ಹಿಂದಿನ ಸಾಲಿನಲ್ಲಿದ್ದ ಗುಬ್ಬಿ ತಲೆ ಬಗ್ಗಿಸಿದಳು. ಯಾಕೆ ಈ ಹೊಸ ನಿಯಮ ಎಂದು ಯಾರಾದರೂ ಕೇಳುತ್ತಾರೆ, ಹೇಳಿಬಿಡುತ್ತೇನೆ ಎಂದು ಹೆಡ್ ಸಿಸ್ಟರ್ ಕಾದಳು. ಯಾರೂ ಕೇಳಲಿಲ್ಲ. ಒಬ್ಬರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಆಗ ಅವಳಿಗೆ ತಿಳಿಯಿತು, ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಕಿವಿಯ ತುದಿಯವರೆಗೂ ಮುಖ ಸುಟ್ಟಂತಾಯಿತು. ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವವರೆಗೆ ನಿಂತಿರುವುದೇ ಅವಳಿಗೆ ಕಷ್ಟವಾಯಿತು.

ಅಜ್ಜಿಗೆ ವ್ಯಾಯಾಮ ಹೇಳಿಕೊಡಲು ಫಿಸಿಯೋದವಳು ಮನೆಗೆ ಬರುತ್ತಿದ್ದಳು. ಚೆಂಡು ಹಿಸುಕಿಸಿದಳು, ಬಟ್ಟೆಯ ಕ್ಲಿಪ್ಪು ಹಾಕಿಸಿದಳು. "ಇನ್ನು ಗುಂಡಿ ಹಾಕೋದು, ಗಂಟು ಕಟ್ಟೋದು ದಿನಾ ಮಾಡಿಸಿ. ಯಾವುದಾದ್ರೂ ದಾರ ಇರೋ ಬಟ್ಟೆ ಕೊಡಿ," ಎಂದಳು.

ಅಜ್ಜಿ ಎಡಗೈ ಎತ್ತಿ ಅಡುಗೆಮನೆಯ ಮೂಲೆ ತೋರಿಸಿದರು. ಅಲ್ಲಿ ನೆಲ ಒರೆಸುವ ಬಕೆಟ್ಟಿನ ಅಂಚಿನಲ್ಲಿ ಕೆಂಪು ಏಪ್ರನ್ ಮುದ್ದೆಯಾಗಿ ಬಿದ್ದಿತ್ತು. ಅತ್ತೆ ಮನೆಗೆ ಬಂದ ದಿನವೇ ಹೆಡ್ ಸಿಸ್ಟರ್ ಅದನ್ನು ನೆಲ ಒರೆಸುವ ಬಟ್ಟೆ ಮಾಡಿದ್ದಳು, ಕಣ್ಣೆದುರಿಗೆ ನೇತಾಡುವುದು ಬೇಡವೆಂದು.

"ಅದು ಬೇಡ ಅತ್ತೆ. ಬೇರೆ ಕೊಡ್ತೀನಿ."

"ನಾ... ನು..." ಅಜ್ಜಿಯ ಕೊರಳ ನರ ಉಬ್ಬಿತು, "ಹೊ... ಲಿ... ದದ್ದು!"

ಕಾಯಿಲೆಯಾದ ಮೇಲೆ ಅವರು ಅಷ್ಟು ಸಿಟ್ಟು ಮಾಡಿದ್ದು ಅದೇ ಮೊದಲು. ಮಗಳು ಓಡಿಹೋಗಿ ಏಪ್ರನ್ ಎತ್ತಿಕೊಂಡು ಬಚ್ಚಲಿಗೆ ಹೋದಳು. ಸೋಪು ಹಾಕಿ ಮೂರು ನೀರಿನಲ್ಲಿ ಜಾಲಾಡಿ, ಬಿಸಿಲಿಗೆ ಹರವಿದಳು.

ಮರುದಿನದಿಂದ ಅಜ್ಜಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ದಾರಗಳ ಜೊತೆ ಗುದ್ದಾಡತೊಡಗಿದರು. ಎಡಗೈ ಕೆಲಸ ಮಾಡುತ್ತಿತ್ತು, ಬಲಗೈ ಮುನಿಸಿಕೊಂಡಿತ್ತು. ಮೊಮ್ಮಗಳು ಸಹಾಯಕ್ಕೆ ಕೈ ಚಾಚಿದರೆ ಆ ಬಲಗೈಯಿಂದಲೇ ಏಟು ಬೀಳುತ್ತಿತ್ತು. ಏಟು ಜೋರಾದಷ್ಟೂ ಫಿಸಿಯೋದವಳಿಗೆ ಖುಷಿ.

ಒಂದು ಬೆಳಿಗ್ಗೆ ಹೆಡ್ ಸಿಸ್ಟರ್ ಸಿದ್ಧಳಾಗಿ ಹೊರಟಿದ್ದಳು. ಗಂಡ ಒಲೆಯ ಮುಂದೆ ನಿಂತು ಬ್ರೆಡ್ಡನ್ನು ಸುಡುತ್ತಿದ್ದ, ಮಗಳು ಡಬ್ಬಿ ಮುಚ್ಚುತ್ತಿದ್ದಳು. ಅಜ್ಜಿ ಕೋಲೂರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಹೆಗಲ ಮೇಲೆ ಏಪ್ರನ್ನಿತ್ತು. ಅದನ್ನು ಸೊಸೆಯ ಕೈಗೆ ಕೊಟ್ಟು ಗಲ್ಲದಿಂದಲೇ, ಹಾಕಿಕೋ ಎಂದು ಸನ್ನೆ ಮಾಡಿದರು.

"ಈಗಲಾ ಅತ್ತೆ? ಬಸ್ಸು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಚೀಲ ಕೆಳಗಿಟ್ಟು, ಏಪ್ರನ್ ಕೊರಳಿಗೆ ಹಾಕಿಕೊಂಡು, ಬೆನ್ನು ಕೊಟ್ಟು ನಿಂತಳು.

ಕೋಲನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿತು. ಬೆನ್ನಿನ ಮೇಲೆ ದಾರ ಬಿಗಿಯಿತು, ಜಾರಿತು. ಬೆರಳುಗಳು ಸೊಂಟದ ಹತ್ತಿರ ತಡಕಾಡಿದವು. ಅದೇ ಬೆರಳು, ಅದೇ ಜಾಗ. ಹೆಡ್ ಸಿಸ್ಟರ್ ಎರಡೂ ಕೈಯಲ್ಲಿ ಕಟ್ಟೆಯ ಅಂಚು ಹಿಡಿದುಕೊಂಡಳು. ಒಲೆಯ ಹತ್ತಿರ ಗಂಡ ಅಲುಗದೆ ನಿಂತಿದ್ದ. ಸೀದ ಬ್ರೆಡ್ಡಿನ ವಾಸನೆ ಮನೆಯೆಲ್ಲ ತುಂಬಿತು, ಯಾರೂ ಅತ್ತ ನೋಡಲಿಲ್ಲ. ಹೊರಗೆ ಬಸ್ಸು ಬಂದು, ನಿಂತು, ಹೊರಟು ಹೋಯಿತು. ಚೀಲದೊಳಗೆ ಫೋನು ಹೊಡೆದುಕೊಂಡು ಸುಮ್ಮನಾಯಿತು. ಪ್ರತಿ ಸಲ ದಾರ ಜಾರಿದಾಗಲೂ ಅವಳಿಗೆ ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಎನಿಸುತ್ತಿತ್ತು. ಹೀಗೇ ತಡಕಾಡುತ್ತಿದ್ದ ಕೈಯನ್ನು ಬೆನ್ನ ಮೇಲೆ ಹೊತ್ತುಕೊಂಡು ಆ ದಿನ ಅವಳು ಈರುಳ್ಳಿ ಹೆಚ್ಚಿದ್ದಳು.

ಕೊನೆಗೊಮ್ಮೆ ದಾರ ಬಿಗಿದು, ಬಿಗಿದಲ್ಲೇ ನಿಂತಿತು. ಸಡಿಲ ಗಂಟು, ಆದರೂ ಗಂಟು. ಏಪ್ರನ್ ಕಟ್ಟಿದ ಮೇಲೆ ಆ ಮನೆಯಲ್ಲಿ ಯಾರೂ ಮಾತಾಡಕೂಡದು.

"ಈ... ಕಡೆ..." ಎಂದರು ಅಜ್ಜಿ ಹಿಂದಿನಿಂದ, "ತಿ... ರು... ಗು."

ಅವಳು ತಿರುಗಿದಳು. ಅಜ್ಜಿ ಅವಳ ಮುಖವನ್ನು ನೋಡಿದರು. ಅಷ್ಟು ಹತ್ತಿರದಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಬಹಳ ಕಾಲವಾಗಿತ್ತು. ಅತ್ತೆಯ ಹಣೆಯ ಮೇಲೆ ಬೆವರಿತ್ತು, ಬಾಯಿಯ ಒಂದು ತುದಿ ಇನ್ನೂ ಕೆಳಗೇ ಇತ್ತು.

"ಅವತ್ತು," ಎಂದರು, ಒಂದೊಂದೇ ಅಕ್ಷರವನ್ನು ಎತ್ತಿ ಇಡುತ್ತ, "ಇ... ಷ್ಟೇ... ಹೇಳೋಕೆ... ಬಂ... ದಿದ್ದು."